ಬೆನ್ನಿಗೆ ಕಿವುಡಾದ ತಂತಿ

ಬೆಳಗಿನ ಜಾವ ಆರೂಕಾಲು. ಮೈಸೂರಿನ ಹೊರವಲಯದ ಒಂದು ಮನೆಯ ಮಹಡಿ ಕೋಣೆ. ಜನವರಿಯ ಚಳಿಗೆ ಕಿಟಕಿ ಮುಚ್ಚಿದೆ. ಮೇಜಿನ ಮೇಲೆ ರೇಡಿಯೋದ ಹಳದಿ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಸ್ಪೀಕರಿನಿಂದ ಬರುತ್ತಿರುವುದು ಬರೀ ಗದ್ದಲ. ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ, ಅದರಡಿಯಲ್ಲಿ ಲಾರಿಯಿಂದ ಜಲ್ಲಿ ಸುರಿಯುತ್ತಲೇ ಇರುವಂಥ ಸದ್ದು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಹುಚ್ಚಿನ ನನ್ನ ಗೆಳೆಯರೊಬ್ಬರು ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. ನನಗೋ ಏನೂ ಕೇಳಿಸುತ್ತಿಲ್ಲ. "ಈಗ ಕೇಳಿ" ಎಂದು ಒಂದು ಗುಂಡಿ ಒತ್ತಿದರು. ಟಿಕ್!

ಗದ್ದಲ ಕುಸಿದುಬಿತ್ತು. ಮೀಟರಿನ ಮುಳ್ಳು ಎಡಕ್ಕೆ ವಾಲಿ ಮಲಗಿಬಿಟ್ಟಿತು. ರೇಡಿಯೋ ಕೆಟ್ಟೇಹೋಯಿತೇನೋ ಅಂದುಕೊಂಡೆ. ಅಷ್ಟರಲ್ಲಿ ಆ ತೆಳು ಮೌನದ ತಳದಿಂದ, ಆಳದ ಬಾವಿಯೊಳಗಿಂದ ಯಾರೋ ಕೊಳಲಿನಲ್ಲಿ ಒಂದೇ ಸ್ವರ ಹಿಡಿದು ತಡೆದು ತಡೆದು ಊದಿದಂತೆ, ಮೋರ್ಸ್ ಸಂಕೇತ! ಉದ್ದ, ಗಿಡ್ಡ, ಉದ್ದ, ಗಿಡ್ಡ. ಯುರೋಪಿನ ಯಾವುದೋ ಊರಿನಲ್ಲಿ, ನಡುರಾತ್ರಿ ದಾಟಿದ ಹೊತ್ತಿನಲ್ಲಿ, ಯಾರೋ ಒಬ್ಬರು ಕೀಲಿ ಕುಟ್ಟುತ್ತ "ಯಾರಾದರೂ ಇದ್ದೀರಾ" ಎಂದು ಜಗತ್ತನ್ನೇ ಕೇಳುತ್ತಿದ್ದರು. ನನ್ನ ಮೈ ಜುಮ್ಮೆಂದಿತು. ಒಂದು ಕ್ಷಣದ ಹಿಂದೆಯೂ ಆ ದನಿ ಇದೇ ಕೋಣೆಯಲ್ಲಿತ್ತಲ್ಲ!

"ಏನು ಮಾಡಿದಿರಿ?" ಎಂದೆ.

"ಆಂಟೆನಾ ಬದಲಾಯಿಸಿದೆ. ತೆಂಗಿನಮರಕ್ಕೆ ಕಟ್ಟಿರೋ ದೊಡ್ಡ ತಂತಿ ಬಿಟ್ಟು ಟೆರೇಸಿನ ಮೇಲಿರೋ ಸಣ್ಣದಕ್ಕೆ ಬಂದೆ. ಇದು ಅದಕ್ಕಿಂತ ಸಾವಿರ ಪಟ್ಟು ಕಡಿಮೆ ಕೇಳುತ್ತೆ."

ಸಾವಿರ ಪಟ್ಟು ಕಡಿಮೆ ಕೇಳುವ ಕಿವಿಗೆ, ದೊಡ್ಡ ಕಿವಿಗೆ ಕೇಳದ ದನಿ ಕೇಳಿಸಿತು! ಅಂದಿನಿಂದ ನನಗೆ ಈ ಮಾತಿನ ಬೆನ್ನು ಬಿಡಲಾಗಿಲ್ಲ. ಓದಿದಷ್ಟೂ, ಕೇಳಿದಷ್ಟೂ, ತಂತಿಯನ್ನು ಕೈಯಲ್ಲಿ ಹಿಡಿದು ನೋಡಿದಷ್ಟೂ ಬೆರಗು ಹೆಚ್ಚುತ್ತಲೇ ಇದೆ.

ಅವರು ಕೇಳುತ್ತಿದ್ದದ್ದು 160 ಮೀಟರ್ ಬ್ಯಾಂಡು. ಹ್ಯಾಮ್‌ಗಳಿಗೆ ಇದು 'ಟಾಪ್ ಬ್ಯಾಂಡ್'. ನಮ್ಮ ಆಕಾಶವಾಣಿಯ ಮಧ್ಯಮ ತರಂಗ ಎಲ್ಲಿ ಮುಗಿಯುತ್ತದೋ ಅದಕ್ಕಿಂತ ತುಸು ಮೇಲೆ, 1.8 ಮೆಗಾಹರ್ಟ್ಸ್‌ನಲ್ಲಿ ಇದರ ಬಾಗಿಲು. ಅಲ್ಲಿ ಒಂದೊಂದು ಅಲೆಯ ಉದ್ದ ಸುಮಾರು 166 ಮೀಟರ್. ಇಂಥ ಅಲೆಯನ್ನು ಹದವಾಗಿ ಹಿಡಿಯಲು ಅದರ ಕಾಲುಭಾಗದಷ್ಟಾದರೂ ಎತ್ತರದ ಕಂಬ ಬೇಕು: 41 ಮೀಟರ್, ಅಂದರೆ ಹನ್ನೆರಡು ಹದಿಮೂರು ಅಂತಸ್ತಿನ ಕಟ್ಟಡ. ಗೆಳೆಯರದು ಮೂವತ್ತು ನಲವತ್ತರ ಸೈಟು. ಅದರಲ್ಲಿ ಮನೆ, ಸಂಪು, ತುಳಸಿಕಟ್ಟೆ, ಒಂದು ತೆಂಗಿನಮರ. ಇಷ್ಟು ಜಾಗದಲ್ಲಿ ಯುರೋಪನ್ನು ಕೇಳುವುದು ಹೇಗೆ?

ಮೊದಲು ಇದಕ್ಕೆ ಸಿಕ್ಕಿದ್ದ ಉತ್ತರ ಇನ್ನೂ ದೊಡ್ಡದು. ಹೆರಾಲ್ಡ್ ಬೆವರೇಜ್ ಎಂಬ ಎಂಜಿನಿಯರು ಒಂದು ವಿಚಿತ್ರ ಗಮನಿಸಿದ್ದರು. ನೆಲದಿಂದ ಆಳೆತ್ತರಕ್ಕೆ ತುಸು ಮೇಲೆ, ದನಿ ಬರುವ ದಿಕ್ಕಿಗೆ ನೇರವಾಗಿ, ಅಲೆಯಷ್ಟೇ ಉದ್ದದ ಅಥವಾ ಇನ್ನೂ ಉದ್ದದ ತಂತಿ ಎಳೆದರೆ ಅದು ಆ ಒಂದೇ ದಿಕ್ಕಿಗೆ ಕಿವಿ ತೆರೆಯುತ್ತದೆ. ಭೂಮಿಯನ್ನು ಸವರಿಕೊಂಡು ಬರುವ ಅಲೆಯ ಬುಡಕ್ಕೆ ಮಣ್ಣಿನ ಜಿಗುಟು ತಾಗಿ ಅಲೆ ಮುಂದಕ್ಕೆ ಬಾಗುತ್ತದೆ. ಹಾಗೆ ಬಾಗಿದ ಅಲೆ ತಂತಿಯ ಜೊತೆಜೊತೆಗೇ ಓಡುತ್ತ ಹೆಜ್ಜೆಹೆಜ್ಜೆಗೂ ಅದರಲ್ಲಿ ವಿದ್ಯುತ್ತನ್ನು ತುಂಬುತ್ತ ಹೋಗುತ್ತದೆ. ತಂತಿಯ ತುದಿಯಲ್ಲಿ ಒಂದು ರೆಸಿಸ್ಟರ್ ಇಟ್ಟು ನೆಲಕ್ಕೆ ಸೇರಿಸಿದರೆ ಹಿಂದಿನಿಂದ ಬಂದ ಗದ್ದಲ ಅಲ್ಲೇ ಬಿಸಿಯಾಗಿ ಕರಗಿಹೋಗುತ್ತದೆ. 1921ರ ಜೂನ್‌ನಲ್ಲಿ ಬೆವರೇಜ್‌ಗೆ ಇದರ ಪೇಟೆಂಟ್ ಸಿಕ್ಕಿತು.

ಅದೇ ವರ್ಷದ ಡಿಸೆಂಬರ್ ನೆನಪಿಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. 200 ಮೀಟರಿಗಿಂತ ಗಿಡ್ಡ ಅಲೆಗಳು ನಿಷ್ಪ್ರಯೋಜಕವೆಂದು ಅಮೆರಿಕದ ಸರ್ಕಾರ ಅವನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದ ಕಾಲ. ಆ ಅಲೆಗಳ ಆಸುಪಾಸಿನಲ್ಲೇ ಅಟ್ಲಾಂಟಿಕ್ ದಾಟಿ ತೋರಿಸುತ್ತೇವೆಂದು ಹವ್ಯಾಸಿಗಳು ಹಟ ತೊಟ್ಟರು. ಪಾಲ್ ಗಾಡ್ಲಿ ಎಂಬಾತ ಹಡಗು ಹತ್ತಿ, ರಿಸೀವರನ್ನು ಹೊತ್ತು ಸ್ಕಾಟ್ಲೆಂಡಿಗೆ ಬಂದ. ಆರ್ಡ್ರಾಸನ್ ಎಂಬ ಕಡಲೂರಿನ ಹೊಲದಲ್ಲಿ ಡೇರೆ ಹೂಡಿದ. ಮಳೆ, ಗಾಳಿ, ಮೂಳೆ ಕೊರೆಯುವ ಚಳಿ. ಹನ್ನೆರಡು ಅಡಿಯ ಕಂಬಗಳ ಮೇಲೆ 1,300 ಅಡಿ ಉದ್ದದ ಬೆವರೇಜ್ ತಂತಿ ಎಳೆದು ಅಮೆರಿಕದತ್ತ ಕಿವಿ ಹಚ್ಚಿ ರಾತ್ರಿಗಳನ್ನು ಕಳೆದ. ಅತ್ತ ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು '1ಬಿಸಿಜಿ' ಎಂಬ ಸ್ಟೇಷನ್ ಕಟ್ಟಿ ಕೀಲಿ ಕುಟ್ಟುತ್ತಿದ್ದರು. ದನಿ ಬಂತು! ಐದು ಸಾವಿರ ಕಿಲೋಮೀಟರ್ ನೀರು ದಾಟಿ, ಒಂದು ಡೇರೆಯೊಳಕ್ಕೆ, ಒಬ್ಬ ನಡುಗುವ ಮನುಷ್ಯನ ಹೆಡ್‌ಫೋನಿಗೆ ಬಂತು. ನಿಷ್ಪ್ರಯೋಜಕ ಎನಿಸಿಕೊಂಡ ಅಲೆಗಳ ಹಣೆಬರಹ ಆ ವಾರದಲ್ಲಿ ಬದಲಾಯಿತು.

ಕಥೆ ಚೆನ್ನಾಗಿದೆ. ಆದರೆ 1,300 ಅಡಿ ತಂತಿಯನ್ನು ನಮ್ಮ ಬಡಾವಣೆಯಲ್ಲಿ ಎಳೆದರೆ ಅದು ಮೂವತ್ತೆರಡು ಸೈಟುಗಳ ಉದ್ದವನ್ನು ದಾಟಿ ಮುಂದಿನ ವೃತ್ತಕ್ಕೆ ಹೋಗಿ ನಿಲ್ಲುತ್ತದೆ!

ಹಾಗಾದರೆ ಸಣ್ಣ ಆಂಟೆನಾ ಹೇಗೆ ಕೆಲಸ ಮಾಡುತ್ತದೆ? ಇದರ ಗುಟ್ಟು ನಮ್ಮೆಲ್ಲರ ಮನೆಯಲ್ಲೂ ಇತ್ತು. ಚಿಕ್ಕಂದಿನಲ್ಲಿ ಟ್ರಾನ್ಸಿಸ್ಟರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಧಾರವಾಡ ಕೇಂದ್ರ ಬರದಿದ್ದಾಗ ಅಪ್ಪ ಏನು ಮಾಡುತ್ತಿದ್ದರು? ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಒಂದು ಕೋನಕ್ಕೆ ಬಂದಾಗ ಗೊರಗೊರ ಮಾಯವಾಗಿ ಹಾಡು ತಿಳಿಯಾಗುತ್ತಿತ್ತು. ಯಾರೂ ಮುಟ್ಟಬೇಡಿ ಎಂದು ಗದರಿಸಿ ಕೂರುತ್ತಿದ್ದರು. ಒಳಗಿದ್ದದ್ದು ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೆ ನವಿರು ತಾಮ್ರದ ಸುರುಳಿ. ನೂರಾರು ಮೀಟರ್ ಉದ್ದದ ಅಲೆಯನ್ನು ಬೆರಳುದ್ದದ ಕಡ್ಡಿ ಹಿಡಿಯುತ್ತಿತ್ತು! ಆ ಕಡ್ಡಿ ಎರಡು ದಿಕ್ಕುಗಳಿಗೆ ಕಿವುಡು. ಅಪ್ಪ ತಿರುಗಿಸಿದ್ದು ಹಾಡಿನ ಕಡೆಗಲ್ಲ, ಗದ್ದಲದ ಕಡೆಗೆ ಆ ಕಿವುಡನ್ನು. ಎಷ್ಟು ವರ್ಷ ಕಣ್ಣೆದುರಿಗೇ ಇತ್ತು, ನಾವು ನೋಡಿರಲಿಲ್ಲ.

ಇಲ್ಲಿಂದ ಮುಂದಿನದೇ ನನ್ನನ್ನು ನಿದ್ದೆಗೆಡಿಸಿದ ಲೆಕ್ಕ. ಭೂಮಿಯ ಮೇಲೆ ಪ್ರತಿ ಸೆಕೆಂಡಿಗೆ ಸುಮಾರು 44 ಮಿಂಚು ಹೊಡೆಯುತ್ತವೆಂದು ಉಪಗ್ರಹಗಳು ಎಣಿಸಿವೆ. ಒಂದೊಂದು ಮಿಂಚೂ ಒಂದು ರೇಡಿಯೋ ಸ್ಟೇಷನ್. ಮುಂಗಾರಿಗೆ ಮುಂಚಿನ ಸಂಜೆ ರೇಡಿಯೋ ಹಾಕಿದವರಿಗೆ ಆ ಕರಕರ ಗೊತ್ತು. 160 ಮೀಟರಿನಲ್ಲಿ ಇರುಳಿನ ಹೊತ್ತು ಸಾವಿರಾರು ಕಿಲೋಮೀಟರ್ ಆಚೆಯ ಮಿಂಚೂ ಅಯಾನುಗೋಳದಲ್ಲಿ ಪುಟಿದು ನಮ್ಮ ತಂತಿಗೆ ಬಂದು ಬಡಿಯುತ್ತದೆ. ಇದರ ಮೇಲೆ ನಾವೇ ಎಬ್ಬಿಸಿದ ಗದ್ದಲ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೋಲಾರ್ ಇನ್ವರ್ಟರು, ಕಂಬದ ಮೇಲೆ ಸಡಿಲವಾದ ಕ್ಲಾಂಪು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂತ್ರ ಹಾಕಿ ನೋಡಿದೆ. 1.8 ಮೆಗಾಹರ್ಟ್ಸ್‌ನಲ್ಲಿ, ಯಾವುದೇ ವಸ್ತುವಿನೊಳಗೆ ಕೋಣೆಯ ಶಾಖದಿಂದಲೇ ಹುಟ್ಟುವ ಸಣ್ಣ ಗದ್ದಲಕ್ಕೆ ಹೋಲಿಸಿದರೆ, ಹಳ್ಳಿಗಾಡಿನ ಗದ್ದಲ ಹತ್ತು ಲಕ್ಷ ಪಟ್ಟು. ಪೇಟೆಯದ್ದು ಹತ್ತಿರ ಹತ್ತಿರ ಒಂದು ಕೋಟಿ ಪಟ್ಟು!

ಒಂದು ಕೋಟಿ! ಅಂದರೆ ಆಂಟೆನಾ ಎಷ್ಟು ಹಿಡಿಯುತ್ತದೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ದೊಡ್ಡ ಆಂಟೆನಾ ದನಿಯನ್ನು ಹೆಚ್ಚು ಹಿಡಿದರೆ ಗದ್ದಲವನ್ನೂ ಅಷ್ಟೇ ಹೆಚ್ಚು ಹಿಡಿಯುತ್ತದೆ. ಸಣ್ಣ ಆಂಟೆನಾ ಎರಡನ್ನೂ ಸಾವಿರದಲ್ಲೊಂದು ಪಾಲಿಗೆ ಇಳಿಸಿದರೂ, ಕೋಟಿ ಪಟ್ಟಿನ ಗದ್ದಲ ಇನ್ನೂ ಹತ್ತು ಸಾವಿರ ಪಟ್ಟು ಉಳಿದಿರುತ್ತದೆ. ರಿಸೀವರಿನ ಸ್ವಂತ ಸೀತ್ಕಾರ ಅದರ ಕೆಳಗೆ ಮುಚ್ಚಿಹೋಗುತ್ತದೆ. ಸಾವಿರ ಪಟ್ಟು ಕಳೆದುಕೊಂಡೂ ಏನನ್ನೂ ಕಳೆದುಕೊಂಡಂತಾಗಲಿಲ್ಲ! ಜಾತ್ರೆಯ ನಡುವೆ ಮಗುವಿನ ಕೂಗು ಕೇಳಬೇಕಾದವರಿಗೆ ಇನ್ನೂ ದೊಡ್ಡ ಕಿವಿ ಕೊಟ್ಟು ಏನು ಬಂತು? ಡೋಲಿನ ಕಡೆಯ ಕಿವಿ ಮುಚ್ಚಿಕೊಟ್ಟರೆ ಸಾಕು. ಕಳಿಸುವ ಆಂಟೆನಾಕ್ಕೂ ಕೇಳುವ ಆಂಟೆನಾಕ್ಕೂ ಇರುವ ಈ ಅಂತರ ಹೊಳೆದ ದಿನ ಹ್ಯಾಮ್‌ಗಳ ಟೆರೇಸು, ಹಿತ್ತಿಲು ಎಲ್ಲವೂ ಏಕಾಏಕಿ ವಿಶಾಲವಾಗಿಬಿಟ್ಟವು.

ಆ ದಿನ ಅಂತ ಒಂದು ತಾರೀಕು ಹೇಳಲಾರೆ. ಆದರೆ ಅಮೆರಿಕದ ಹ್ಯಾಮ್‌ಗಳ ಮಾಸಪತ್ರಿಕೆ 'ಕ್ಯೂಎಸ್‌ಟಿ'ಯ ಹಳೆಯ ಸಂಚಿಕೆಗಳಲ್ಲಿ ಅದರ ಹೆಜ್ಜೆಗಳು ಕಾಣುತ್ತವೆ. 1995ರ ಫೆಬ್ರುವರಿಯಲ್ಲಿ ಫ್ಲಾಯ್ಡ್ ಕೂಂಟ್ಜ್ ಬಾಗಿಲಿನ ಚೌಕಟ್ಟಿನಂಥ ಒಂದು ಪುಟ್ಟ ತಂತಿಯನ್ನು ತೋರಿಸಿದರು. ಇಂಗ್ಲಿಷಿನ 'ಯು' ಅಕ್ಷರ ತಲೆಕೆಳಗಾದಂತಿದ್ದ ಅದಕ್ಕೆ ಅದೇ ಉಚ್ಚಾರದ, ಹೆಣ್ಣುಕುರಿ ಎಂಬ ಅರ್ಥದ ಹೆಸರನ್ನೇ ಇಟ್ಟರು. 1997ರ ಸೆಪ್ಟೆಂಬರಿನಲ್ಲಿ ಗ್ಯಾರಿ ಬ್ರೀಡ್ ಅದಕ್ಕಿಂತ ಚೊಕ್ಕವಾದದ್ದನ್ನು ತಂದರು. ಒಂದೇ ಕಂಬ, ಇಪ್ಪತ್ತೈದು ಅಡಿ ಎತ್ತರ, ಅದರ ತುದಿಯಿಂದ ಇಳಿಬಿಟ್ಟ ಸುಮಾರು 85 ಅಡಿಯ ತಂತಿಯ ಕುಣಿಕೆ. ಅವರ ಕಾಲ್ ಸೈನಿನ ಹೆಸರಲ್ಲೇ ಜಗತ್ತು ಇಂದಿಗೂ ಅದನ್ನು 'ಕೆ9ಎವೈ ಲೂಪ್' ಎನ್ನುತ್ತದೆ. ಅಂಥ ಎರಡು ಕುಣಿಕೆಗಳನ್ನು ಅಡ್ಡಡ್ಡ ಕಟ್ಟಿ ಬುಡದಲ್ಲಿ ರಿಲೇ ಇಟ್ಟರೆ ಕೂತಲ್ಲಿಂದಲೇ ನಾಲ್ಕು ದಿಕ್ಕುಗಳನ್ನು ಬದಲಾಯಿಸಬಹುದು! ಆದರೆ ಇವಕ್ಕೆಲ್ಲ ಒಳ್ಳೆಯ ಅರ್ಥಿಂಗ್ ಬೇಕು. 2000ದ ಜುಲೈನಲ್ಲಿ ಅರ್ಲ್ ಕನಿಂಗ್‌ಹ್ಯಾಮ್, ಸ್ಪೇನಿನ ಹೋಸೆ ಮಾತಾ ಅವರ ಜೊತೆ ನಡೆಸಿದ ಕೆಲಸದ ಫಲವಾಗಿ, ಭೂಮಿಯ ಹಂಗೇ ಇಲ್ಲದ ಕುಣಿಕೆಗಳನ್ನು ಪ್ರಕಟಿಸಿದರು. ಆಯತಾಕಾರದ್ದಕ್ಕೆ 'ಫ್ಲ್ಯಾಗ್', ತ್ರಿಕೋನದ್ದಕ್ಕೆ 'ಪೆನಂಟ್'. ಬಾವುಟ ಮತ್ತು ಪತಾಕೆ!

ಮೈಸೂರಿನ ಆ ಟೆರೇಸಿನ ಮೇಲಿದ್ದದ್ದು ಬಾವುಟ. ಬೆಳಕು ಹರಿದ ಮೇಲೆ ಹೋಗಿ ನೋಡಿದೆ. ಎರಡು ಬಿದಿರಿನ ಗಳು, ನಡುವೆ 29 ಅಡಿ ಉದ್ದ, 14 ಅಡಿ ಎತ್ತರದ ತಂತಿಯ ಆಯತ. ಸಾಮಾನ್ಯ ವೈರಿಂಗಿನ ತಂತಿ. ಒಂದು ಪಕ್ಕದ ನಡುವೆ ಒಂದು ಪುಟ್ಟ ಡಬ್ಬಿ, ಅದರಿಂದ ಕೆಳಗಿಳಿಯುವ ಕೇಬಲ್ಲು. ಎದುರು ಪಕ್ಕದ ನಡುವೆ ಸುಮಾರು 900 ಓಮ್‌ನ ಒಂದು ರೆಸಿಸ್ಟರ್, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಬೆಲೆ ಕೆಲವೇ ರೂಪಾಯಿ. ಅಷ್ಟೇ! ಬಟ್ಟೆ ಒಣಹಾಕುವ ಹಗ್ಗಕ್ಕೂ ಅದಕ್ಕೂ ವ್ಯತ್ಯಾಸ ಕಾಣದಷ್ಟು ಸಾಧಾರಣ.

ಆ ರೆಸಿಸ್ಟರ್ ಮಾಡುವ ಕೆಲಸವನ್ನು ಗೆಳೆಯರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಬರುವ ಅಲೆಗೆ ಎರಡು ಕೈ: ಒಂದು ವಿದ್ಯುತ್ ಕ್ಷೇತ್ರ, ಇನ್ನೊಂದು ಕಾಂತಕ್ಷೇತ್ರ. ವಿದ್ಯುತ್ತಿನ ಕೈ ಆಯತದ ಎರಡೂ ನಿಂತ ಪಕ್ಕಗಳಲ್ಲಿ ಪ್ರವಾಹವನ್ನು ಒಟ್ಟಿಗೇ ಮೇಲಕ್ಕೆ ತಳ್ಳುತ್ತದೆ. ಕಾಂತದ ಕೈ ಪ್ರವಾಹವನ್ನು ಗಾಣದೆತ್ತಿನಂತೆ ಸುತ್ತ ತಿರುಗಿಸುತ್ತದೆ. ಸುತ್ತುವುದೆಂದರೆ ಒಂದು ಪಕ್ಕದಲ್ಲಿ ಹತ್ತಬೇಕು, ಇನ್ನೊಂದರಲ್ಲಿ ಇಳಿಯಬೇಕು ತಾನೆ? ಹಾಗಾಗಿ ಒಂದು ಪಕ್ಕದಲ್ಲಿ ಎರಡು ಕೈಗಳೂ ಕೂಡಿಕೊಳ್ಳುತ್ತವೆ, ಇನ್ನೊಂದು ಪಕ್ಕದಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಜೋಕಾಲಿಯನ್ನು ಒಬ್ಬ ಈಚೆಯಿಂದ, ಇನ್ನೊಬ್ಬ ಆಚೆಯಿಂದ ಅದೇ ಕ್ಷಣಕ್ಕೆ ತಳ್ಳಿದರೆ ಅದು ಅಲುಗುವುದಿಲ್ಲವಲ್ಲ, ಹಾಗೆ. ಈಗ ಅಲೆ ಎದುರು ದಿಕ್ಕಿನಿಂದ ಬರಲಿ. ವಿದ್ಯುತ್ತಿನ ಕೈ ಮೊದಲಿನಂತೆಯೇ ಮೇಲಕ್ಕೆ ತಳ್ಳುತ್ತದೆ, ಕಾಂತದ ಕೈ ಮಾತ್ರ ತಿರುಗುಮುರುಗಾಗುತ್ತದೆ. ಕೂಡುವ ಪಕ್ಕ, ಕಳೆಯುವ ಪಕ್ಕ ಅದಲುಬದಲು!

ನಾನು ಸೀಮೆಸುಣ್ಣದ ಗೆರೆಗಳನ್ನು ನೋಡುತ್ತ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಹಾಗಾದರೆ ಮುಂದಿನಿಂದ ಬಂದ ದನಿಯೆಲ್ಲ ರೇಡಿಯೋ ಇರುವ ಪಕ್ಕದಲ್ಲಿ ಕೂಡುತ್ತದೆ. ಹಿಂದಿನಿಂದ ಬಂದ ಗದ್ದಲವೆಲ್ಲ ರೆಸಿಸ್ಟರ್ ಇರುವ ಪಕ್ಕದಲ್ಲಿ ಕೂಡಿ, ಅಲ್ಲೇ ಕಾಣದಷ್ಟು ಸಣ್ಣ ಬಿಸಿಯಾಗಿ ಆರಿಹೋಗುತ್ತದೆ. ಎರಡು ಕೈಗಳ ಬಲ ಸರಿಸಮ ಆಗಬೇಕು, ಅದಕ್ಕೇ ಆ 900 ಓಮ್. ಸ್ವಲ್ಪ ಹೆಚ್ಚುಕಡಿಮೆ ಆದರೂ ಕಿವುಡು ತೆಳುವಾಗುತ್ತದೆ. ಒಂದು ಕಡಲೆಕಾಳು ಅರ್ಧ ಜಗತ್ತಿನ ಸಿಡಿಲನ್ನು ನುಂಗುತ್ತಿದೆ!

ಅರ್ಧ ಜಗತ್ತು ಎಂದದ್ದು ಉತ್ಪ್ರೇಕ್ಷೆಯಲ್ಲ. ಮೈಸೂರಿನಿಂದ ಯುರೋಪು ವಾಯವ್ಯಕ್ಕೆ. ಬಾವುಟ ಅತ್ತ ಮುಖ ಮಾಡಿದರೆ ಅದರ ಬೆನ್ನು ಆಗ್ನೇಯಕ್ಕೆ. ಅಲ್ಲಿ ಏನಿದೆ? ಸುಮಾತ್ರ, ಜಾವಾ, ಆ ಕಡಲುಗಳು. ಜಗತ್ತಿನಲ್ಲಿ ಸಿಡಿಲಿನ ಕಾರ್ಖಾನೆಗಳೆಂದು ಕರೆಯಬಹುದಾದ ಕೆಲವೇ ಜಾಗಗಳಲ್ಲಿ ಒಂದು. ಜನವರಿಯಲ್ಲಿ ನಮ್ಮ ಆಕಾಶ ತಿಳಿಯಾಗಿದ್ದಾಗ ಅಲ್ಲಿ ಮಳೆಗಾಲದ ಗುಡುಗು. ಭೂಗೋಳದ ಪಟದಲ್ಲಿ ಬೆರಳಿಟ್ಟು ಈ ಗೆರೆ ಎಳೆದಾಗ ಕರ್ನಾಟಕದಲ್ಲಿರುವ ಹ್ಯಾಮ್‌ಗಳ ಅದೃಷ್ಟಕ್ಕೆ ನನಗೆ ಕುಣಿಯುವಂತಾಯಿತು.

ಹಾಗೆಂದು ಇದು ಕಟ್ಟಿದ ಕೂಡಲೇ ಒಲಿಯುವ ಆಂಟೆನಾ ಅಲ್ಲ. ಗೆಳೆಯರ ಬಾವುಟ ಮೊದಲ ಎರಡು ವಾರ ಯಾವ ದಿಕ್ಕಿಗೂ ಕಿವುಡಾಗಲಿಲ್ಲವಂತೆ. ಎಲ್ಲ ಕಡೆಯಿಂದಲೂ ಗೊರಗೊರ. ಕೊನೆಗೆ ಒಂದು ಪರೀಕ್ಷೆ ಮಾಡಿದರು. ತಂತಿಯ ಆಯತವನ್ನೇ ಬಿಚ್ಚಿ, ಡಬ್ಬಿಗೆ ಬರೀ ಒಂದು ರೆಸಿಸ್ಟರ್ ಸಿಕ್ಕಿಸಿದರು. ಆಂಟೆನಾವೇ ಇಲ್ಲ, ರೇಡಿಯೋ ಮೌನವಾಗಬೇಕು. ಆಗಲಿಲ್ಲ! ಅದೇ ಗೊರಗೊರ. ಅಂದರೆ ಇಷ್ಟು ದಿನ ಅವರು ಕೇಳುತ್ತಿದ್ದದ್ದು ಬಾವುಟವನ್ನಲ್ಲ, ಅದರಿಂದ ಇಳಿದು ಬರುವ ಕೇಬಲ್ಲನ್ನು. ಕೇಬಲ್ಲಿನ ಹೊರ ಜಾಲರಿಯೇ ಒಂದು ಆಂಟೆನಾ ಆಗಿ ಮನೆಯ ಗದ್ದಲವನ್ನೆಲ್ಲ ಹೀರುತ್ತಿತ್ತು. ಸಾವಿರ ಪಟ್ಟು ಮೆಲ್ಲಗೆ ಮಾತಾಡುವ ಆಂಟೆನಾದ ಮುಂದೆ ಆ ಸಣ್ಣ ಕಳ್ಳದಾರಿಯೂ ಕೂಗುಮಾರಿಯೇ. ಕೇಬಲ್ಲನ್ನು ಫೆರೈಟ್ ಉಂಗುರಕ್ಕೆ ಹತ್ತು ಹನ್ನೆರಡು ಸುತ್ತು ಸುತ್ತಿದರು. ಡಬ್ಬಿಯೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳನ್ನು ಒಂದಕ್ಕೊಂದು ತಾಗದಂತೆ ಬೇರೆಬೇರೆ ಸುತ್ತಿದರು. ಕೇಳುವಾಗ ತೆಂಗಿನಮರದ ದೊಡ್ಡ ತಂತಿಯ ಬುಡವನ್ನು ರಿಲೇಯಿಂದ ಕತ್ತರಿಸಿಟ್ಟರು. ಇಲ್ಲದಿದ್ದರೆ ಅದು ತಾನು ಹಿಡಿದ ಗದ್ದಲವನ್ನು ಪಕ್ಕದ ಬಾವುಟಕ್ಕೆ ಮತ್ತೆ ಉಗುಳುತ್ತದೆ. ಅಷ್ಟಾದ ಮೇಲೂ ಒಂದು ಹಟಮಾರಿ ಝೇಂಕಾರ ಉಳಿದಿತ್ತು. ಮನೆಯ ಮೇನ್ ಸ್ವಿಚ್ ಆರಿಸಿ ಬ್ಯಾಟರಿಯ ಮೇಲೆ ಕೇಳಿದರು, ಹೋಯಿತು. ಒಂದೊಂದೇ ಹಾಕುತ್ತ ಬಂದರು. ಸಿಕ್ಕಿದ್ದು ದೇವರ ಮನೆಯ ಎಲ್‌ಇಡಿ ಸೀರಿಯಲ್ ಸೆಟ್ಟು! ಈಗ ಪ್ರತಿ ಜಾವ ಮಹಡಿಯ ಮೆಟ್ಟಿಲಿನಿಂದ ಒಂದು ಕೂಗು ಹೋಗುತ್ತದೆ: "ಅಮ್ಮಾ, ದೇವರ ಮನೆ ಲೈಟು ಸ್ವಲ್ಪ ಆರಿಸ್ತೀಯಾ?"

ಇದನ್ನು ಇನ್ನೂ ತುದಿಗೊಯ್ದವರಿದ್ದಾರೆ. ಎರಡು ಬಾವುಟಗಳನ್ನು ಒಂದರ ಮುಂದೊಂದು ನಿಲ್ಲಿಸಿ, ಒಂದರ ದನಿಯಿಂದ ಇನ್ನೊಂದರದನ್ನು ಕಳೆದು, ಇಡೀ ಜೋಡಿಯನ್ನು ಮೋಟರಿನಿಂದ ತಿರುಗಿಸುವ 'ವಾಲರ್ ಫ್ಲ್ಯಾಗ್' ಇದೆ. ಅದು ಹಿಡಿಯುವುದು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ. ಅಷ್ಟು ಇಳಿದ ಮೇಲೆ ಹಳ್ಳಿಯ ಮೌನದಲ್ಲಿ ಗದ್ದಲ ಕೋಣೆಯ ಶಾಖದ ಸದ್ದಿಗಿಂತ ಬರೀ ಹತ್ತು ಪಟ್ಟು ಮೇಲೆ ಉಳಿಯುತ್ತದೆ, ಒಳ್ಳೆಯ ಪ್ರಿ ಆಂಪ್ಲಿಫೈಯರ್ ಇಲ್ಲದೆ ಏನೂ ಕೇಳಿಸದು. ಆ ಅಂಚಿನ ಮೇಲೆ ನಡೆಯುವವರ ಧೈರ್ಯಕ್ಕೆ ನನ್ನ ನಮಸ್ಕಾರ.

ಇದೇ ಗುಟ್ಟಿನ ದೊಡ್ಡ ರೂಪ ನಮ್ಮ ಗೌರಿಬಿದನೂರಿನಲ್ಲಿತ್ತು ಎಂದು ಹೊಳೆದಾಗ ಮತ್ತೊಮ್ಮೆ ರೋಮಾಂಚನ. ಅಲ್ಲಿನ ಬಯಲಿನಲ್ಲಿ ಇಂಗ್ಲಿಷಿನ 'ಟಿ' ಆಕಾರದಲ್ಲಿ ತಂತಿಯ ಸಾವಿರ ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಕೇಳಿದರು ನಮ್ಮ ಖಗೋಳ ವಿಜ್ಞಾನಿಗಳು. ಅಲ್ಲಿಯೂ ಆಕಾಶಗಂಗೆಯ ಸದ್ದೇ ರಿಸೀವರಿನ ಸದ್ದಿಗಿಂತ ಜೋರು. ಅಲ್ಲಿಯೂ ಒಂದೊಂದು ತಂತಿ ಎಷ್ಟು ಹಿಡಿಯಿತು ಎಂಬುದಕ್ಕಿಂತ ಎಲ್ಲವೂ ಸೇರಿ ಎತ್ತ ಕಿವಿ ಕೊಟ್ಟವು, ಎತ್ತ ಕೊಡಲಿಲ್ಲ ಎಂಬುದೇ ಮುಖ್ಯ. ಹ್ಯಾಮ್‌ನ ಟೆರೇಸಿಗೂ ವಿಜ್ಞಾನಿಯ ಬಯಲಿಗೂ ಹರಿಯುವುದು ಒಂದೇ ನೀರು.

ಆ ಜಾವಕ್ಕೆ ಮರಳುತ್ತೇನೆ. ಆರೂವರೆ ದಾಟಿತ್ತು. ಮೋರ್ಸ್‌ನ ದನಿ ಇಳಿಯುವ ಬದಲು ಏರುತ್ತಿತ್ತು! ಸೂರ್ಯ ಹುಟ್ಟುವ ಮುಂಚಿನ ಕೆಲವು ನಿಮಿಷ ಈ ಬ್ಯಾಂಡು ಹೀಗೇ ಉಕ್ಕುತ್ತದಂತೆ. ಗೆಳೆಯರು ಗುಂಡಿ ಒತ್ತಿ ದೊಡ್ಡ ತಂತಿಗೆ ಹೋದರು, ತಮ್ಮ ಕಾಲ್ ಸೈನ್ ಕುಟ್ಟಿದರು. ಮತ್ತೆ ಬಾವುಟಕ್ಕೆ ಬಂದರು. ಕಾದೆವು. ಆ ಕಡೆಯಿಂದ ಅವರ ಕಾಲ್ ಸೈನ್ ಮರಳಿ ಬಂತು, ಒಂದಕ್ಷರವೂ ತಪ್ಪದೆ! ಅವರು ಕಣ್ಣು ತೆರೆದು ನನ್ನತ್ತ ನೋಡಿದರು, ಇಬ್ಬರಿಗೂ ಮಾತು ಬರಲಿಲ್ಲ. ಪೂರ್ವದ ಕಿಟಕಿ ಕೆಂಪಾಯಿತು. ಬಿಸಿಲು ನಮ್ಮ ಮೇಲೆ ಬೀಳುವ ಮೊದಲೇ ಎಪ್ಪತ್ತು ಎಂಬತ್ತು ಕಿಲೋಮೀಟರ್ ಎತ್ತರದ ಗಾಳಿಯ ಮೇಲೆ ಬಿದ್ದು, ಅಲ್ಲಿ ಈ ಅಲೆಗಳನ್ನು ಹೀರುವ ಪದರ ಮತ್ತೆ ಹೆಣೆದುಕೊಳ್ಳತೊಡಗಿತ್ತು. ದನಿ ತೆಳುವಾಯಿತು, ಇನ್ನೂ ತೆಳುವಾಯಿತು, ಹೋಯಿತು. ಕೆಳಗಿನಿಂದ ಅಮ್ಮನ ದನಿ ಬಂತು.

"ಮುಗೀತೇನೋ? ದೇವರಿಗೆ ಲೈಟು ಹಾಕ್ಲಾ?"